ಖಣ ಹೊದ್ದ ಕಂಪ್ಯೂಟರು

"ಸತ್ತೈತಿ ಅಂತ ಯಾರು ಹೇಳಿದ್ರು?"

ಕೆಟ್ಟ ಕಂಪ್ಯೂಟರನ್ನು ಹಳೆ ಚಾದರದಲ್ಲಿ ಸುತ್ತಿ ಎತ್ತಿಕೊಂಡು ಬಂದವರು ಹೊಸ್ತಿಲು ದಾಟುವ ಮೊದಲೇ ಅಕ್ಕೋರು ಕೇಳುತ್ತಿದ್ದ ಪ್ರಶ್ನೆ ಇದು. ಕೇಳುವ ಧಾಟಿಗೆ, ತಂದವರೇ ಅದನ್ನು ಕೊಂದು ತಂದಿರಬೇಕು ಅನ್ನಿಸುತ್ತಿತ್ತು. ಪಾಪ, ಅವರು ತಡವರಿಸಿ, "ಅಂಗಡಿಯವ ಅಂದಾನ್ರಿ, ಇದರ ಕಾಲ ಮುಗದೈತಂತ" ಎಂದರೆ, "ಅಂವಗ ಕಲ್ಯಾಕ ಕಾಲ ಸಿಕ್ಕಿಲ್ಲ ಅನ್ರಿ. ಇಡ್ರಿ ಇಲ್ಲೆ" ಎಂದು ಮೇಜಿನ ಮೇಲೆ ಜಾಗ ತೋರಿಸುತ್ತಿದ್ದರು.

ಸಾಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಅವರಿಗೂ ಒಂದು ಹೆಸರಿತ್ತು. ಆದರೆ ಇಳಕಲ್ಲಿನ ನಮ್ಮ ಓಣಿಯಲ್ಲಾಗಲಿ, ಶಾಲೆಯಲ್ಲಾಗಲಿ, ಕಾಯಿಪಲ್ಲೆ ಸಂತೆಯಲ್ಲಾಗಲಿ ಆ ಹೆಸರು ಬಳಕೆಯಲ್ಲಿರಲಿಲ್ಲ, ನಾನೂ ಅದನ್ನು ಇಲ್ಲಿ ಎತ್ತುವುದಿಲ್ಲ. ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈ ಸಲ ಶ್ರಾವಣ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಆಮೇಲೆ ಶಾಲೆಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ಆಡಳಿತ ಮಂಡಳಿಯವರೊಬ್ಬರು ಎದ್ದು, "ಶಾಂತ ಸ್ವಭಾವದವರು, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರು" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದಾರೆ ಅಂದುಕೊಂಡು ಪಕ್ಕದವರು ನೀರು ಕೊಟ್ಟರು. ನನಗೆ ಬಂದದ್ದು ನಗು. ಆ ಮನುಷ್ಯನ ಜೊತೆಗೇ ಅಕ್ಕೋರು ಎಷ್ಟು ಸಲ ಜಗಳ ಆಡಿದ್ದರೆಂದು ಆತನಿಗೇ ನೆನಪಿಲ್ಲವಲ್ಲ ಎಂದು ಸಿಟ್ಟೂ ಬಂತು. ಹೊಂದಿಕೊಂಡು ಹೋದವರೆಂದು ಅವರನ್ನು ಕಳಿಸಿಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಕುಳ್ಳಗಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ತಾಮ್ರದ ತಂತಿ ಬಂದಿತ್ತು. ತುರುಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರು ಸಿಗಿಸಿಕೊಂಡಿರುತ್ತಿದ್ದರು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಹೊಸದಾಗಿ ಶಾಲೆಗೆ ಬಂದ ಟೀಚರೊಬ್ಬಳು ಆ ಸ್ಕ್ರೂಡ್ರೈವರು ನೋಡಿ ಕಿಸಕ್ಕನೆ ನಕ್ಕಾಗ ಅಕ್ಕೋರು ಮುಖ ಸಣ್ಣದು ಮಾಡಲಿಲ್ಲ.

"ಹೂವು ಮುಡೀಬ್ಯಾಡ ಅಂದ್ರವ್ವ. ಇದನ್ನ ಮುಡೀಬ್ಯಾಡ ಅಂತ ಇನ್ನೂ ಯಾರೂ ಅಂದಿಲ್ಲ" ಎಂದು ಹೇಳಿ ಕ್ಲಾಸಿಗೆ ಹೋದರು.

ಅವರ ಹಳೆ ಕಂಪ್ಯೂಟರುಗಳ ಹುಚ್ಚು ಶುರುವಾದದ್ದು ಒಂದು ಪೂಜೆಯಿಂದ. ಶಾಲೆಗೆ ಮೊದಲ ಸಲ ಕಂಪ್ಯೂಟರು ಬಂದ ವರ್ಷ. ದಸರೆಯ ಖಂಡೆಪೂಜೆ ಬಂತು, ಮಗ್ಗ, ಟ್ರ್ಯಾಕ್ಟರು, ಹೊಲಿಗೆಯಂತ್ರ ಎಲ್ಲಕ್ಕೂ ಪೂಜೆ ಆಗುವಾಗ ಕಂಪ್ಯೂಟರಿಗೆ ಏಕೆ ಬೇಡ ಎಂದು ಅದಕ್ಕೂ ಏರ್ಪಾಟಾಯಿತು. ಇಡೀ ಶಾಲೆಯಲ್ಲಿ ಅದನ್ನು ಚಾಲೂ ಮಾಡಲು ಬರುತ್ತಿದ್ದದ್ದು ಅಕ್ಕೋರಿಗೆ ಒಬ್ಬರಿಗೇ. ಆದರೂ ಪೂಜೆಯ ಹೊತ್ತಿಗೆ ಹೆಡ್‌ಮಾಸ್ತರರು, "ನೀವು ಸ್ವಲ್ಪ ಹಿಂದ ನಿಂದರ್ರಿ ಅಕ್ಕೋರ, ಮುತ್ತೈದೇರು ಮುಂದ ಬರ್ಲಿ" ಎಂದರು. ಗೋಡೆಯ ಮೇಲೆ ಬಸವಣ್ಣನ ಫೋಟೋ. ಅದರ ಕೆಳಗೆ ನಿಂತು ಈ ಮಾತು. ಅಕ್ಕೋರು ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ, ಬಾಗಿಲಲ್ಲಿ ಕೈ ಕಟ್ಟಿ ನಿಂತರು. ಮುತ್ತೈದೆಯರು ವಿಭೂತಿ ಬಳಿದರು, ಕುಂಕುಮ ಏರಿಸಿದರು, ಕೀಬೋರ್ಡಿನ ಪಕ್ಕದಲ್ಲೇ ಕಾಯಿ ಒಡೆದರು. ಕಾಯಿಯ ನೀರು ಎಲ್ಲಿ ಹೋಗಬಾರದೋ ಅಲ್ಲಿಗೇ ಹೋಯಿತು. ಮರುದಿನದಿಂದ ಯಂತ್ರ ಹತ್ತಲಿಲ್ಲ.

ಅಕ್ಕೋರು ಅದನ್ನು ಬಿಚ್ಚಿದರು. ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನ ಕುಂಕುಮದ ಕೆಸರು ತಿಕ್ಕಿ ತೆಗೆದರು. ಒಂದು ವಾರ ಆ ಕೋಣೆಗೆ ಯಾರನ್ನೂ ಬಿಡಲಿಲ್ಲ. ಯಂತ್ರ ಮತ್ತೆ ಹತ್ತಿದ ದಿನ ಹೆಡ್‌ಮಾಸ್ತರರನ್ನು ಕರೆದು ತೋರಿಸಿ ಹೇಳಿದ್ದು ಇಷ್ಟೇ: "ಪೂಜಾ ಮಾಡಿದವರು ಕೆಡಸಿದ್ರು. ಹಿಂದ ನಿಂತಾಕಿ ಹಚ್ಚಿದ್ಲು. ನೆನಪಿರ್ಲಿ."

ಹೆಡ್‌ಮಾಸ್ತರರಿಗೆ ನೆನಪಿತ್ತೋ ಇಲ್ಲವೋ, ಅಕ್ಕೋರಂತೂ ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಹೊಸ ಯಂತ್ರಗಳು ಬಂದವು, ಹಳೆಯವನ್ನು ಗುಜರಿಗೆ ಹಾಕಲು ತೀರ್ಮಾನವಾಯಿತು. ಸಂತಾಪ ಸಭೆಯಲ್ಲಿ ಮಾತಾಡಿದರಲ್ಲ, ಆ ಮಹನೀಯರೇ ಮುಂದೆ ನಿಂತು ಟೆಂಪೊಗೆ ತುಂಬಿಸಿದರು. ಟೆಂಪೊ ಶಾಲೆಯ ಗೇಟು ದಾಟುವುದರೊಳಗೆ ಅಕ್ಕೋರು ಚಾಲಕನ ಪಕ್ಕ ಹತ್ತಿ ಕುಳಿತಿದ್ದರು. ಚಾಲಕ ನಮ್ಮದೇ ಹಳೆಯ ವಿದ್ಯಾರ್ಥಿ, ಅಕ್ಕೋರನ್ನು ನೋಡಿದರೆ ಅವನಿಗೆ ಈಗಲೂ ಮಗ್ಗಿ ಮರೆಯುತ್ತಿತ್ತು. ಟೆಂಪೊ ಗುಜರಿಗೆ ಹೋಗಲಿಲ್ಲ, ನಮ್ಮ ಓಣಿಗೆ ಬಂತು. ಮಂಡಳಿಯವರು ಕೇಳಲು ಬಂದಾಗ ಅಕ್ಕೋರು, "ಗುಜರಿಗೆ ಹಾಕಿದ್ರಿ. ನಾನ ಗುಜರಿ ಅಂತ ತಿಳ್ಕೋರಿ" ಎಂದು ಬಾಗಿಲಲ್ಲೇ ಮಾತು ಮುಗಿಸಿದರು.

ಅಲ್ಲಿಂದ ಆ ಮನೆಗೆ ಎಲ್ಲೆಲ್ಲಿಂದಲೋ ಯಂತ್ರಗಳು ಬರತೊಡಗಿದವು. ಬಾಗಲಕೋಟೆಯ ಹಳೆ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಮಂದಿ ನವನಗರಕ್ಕೆ ಎದ್ದುಹೋದಾಗ ಯಾರೋ ಕಟ್ಟಿ ಮೂಲೆಗಿಟ್ಟು ಮರೆತವು, ಬಾದಾಮಿಯ ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ಇದ್ದವು, ನಮ್ಮೂರ ಕಲ್ಲಿನ ಕ್ವಾರಿಯವರು ಎಸೆದವು. ಡಬ್ಬಿ ಬಿಚ್ಚಿದೊಡನೆ ಅಕ್ಕೋರು ಮೊದಲು ಧೂಳನ್ನು ಬೆರಳಿಗೆ ಹಚ್ಚಿಕೊಂಡು ನೋಡುತ್ತಿದ್ದರು. ಬೂದು ಬಣ್ಣದ್ದು ಅಂಟಿದರೆ ಬಾಗಲಕೋಟೆಯ ಸಿಮೆಂಟು. ಕೆಂಪಗೆ ಹೊಳೆದರೆ ಇಳಕಲ್ಲಿನ ಕಲ್ಲು. ಹತ್ತಿಯ ಎಳೆ ಸಿಕ್ಕರೆ ಗುಳೇದಗುಡ್ಡದ ಮಗ್ಗದ ಮನೆ. ಒಮ್ಮೆ ಒಂದರೊಳಗೆ ಹಿಡಿ ತುಂಬ ಭಂಡಾರದ ಅರಿಷಿಣ ಸಿಕ್ಕಿತು. ತಂದ ಹುಡುಗನ ಅಜ್ಜ ಬೀರಪ್ಪನ ಭಕ್ತ, ಮನೆಗೆ ಹೊಸ ವಸ್ತು ಬಂದಿತೆಂದು ಅದರ ಮೇಲೆ ಭಂಡಾರ ಹಾರಿಸಿದ್ದನಂತೆ. ಅಕ್ಕೋರು ಆ ಅರಿಷಿಣವನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, "ಅಜ್ಜಗ ಹೇಳು, ಬೀರಪ್ಪ ಒಳಗ ಹೋಗಿ ಕುಂತಿದ್ದ, ಹೊರಗ ಕರಕೊಂಡ ಬಂದೇನಿ ಅಂತ" ಎಂದರು.

ಅವರದು ಒಂದೇ ನಿಯಮ. ಯಂತ್ರ ಹತ್ತಬೇಕು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಒಂದೊಂದಾಗಿ ಚಾಲೂ ಮಾಡುತ್ತಿದ್ದರು. ಗೋಡೆಯ ಈಚೆ ನನ್ನ ಅಡುಗೆ ಮನೆಗೆ ಆ ಫ್ಯಾನುಗಳ ಗುರ್‍ರೆನ್ನುವ ಸದ್ದು, ಹಳೆ ಪ್ರಿಂಟರಿನ ಕಿರಿಚಾಟ ಕೇಳಿಸುತ್ತಿತ್ತು. ನನ್ನ ಯಜಮಾನರು, "ಆಕಿ ಮನ್ಯಾಗ ಹಿಟ್ಟಿನ ಗಿರಣಿ ಹಾಕ್ಯಾಳೇನು" ಎಂದು ಗೊಣಗುತ್ತಿದ್ದರು. ಒಮ್ಮೆ ಬಾಗಲಕೋಟೆಯ ಕಾಲೇಜೊಂದರಿಂದ ಬಂದ ಪ್ರೊಫೆಸರರು ಇವನ್ನೆಲ್ಲ ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಕೆಳಗೆ ನಿಮ್ಮ ಹೆಸರು ಬರೆಸುತ್ತೇವೆ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅಕ್ಕೋರು ಅವರಿಗೆ ಚಹಾ ಕೊಟ್ಟರು, ಕೊಟ್ಟು ಹೇಳಿದರು: "ಬಾದಾಮಿಯೊಳಗ ಕಲ್ಲು ಅದಾವಲ್ರಿ, ಅವು ಸುಮ್ಮನ ನಿಂತ್ರೂ ಚಂದ. ಇವು ಕಲ್ಲಲ್ಲ. ನಿಮ್ಮ ಕಪಾಟಿನ್ಯಾಗ ಪ್ಲಗ್ ಐತೇನ್ರಿ?" ಇರಲಿಲ್ಲ. ಪ್ರೊಫೆಸರರು ಚಹಾ ಕುಡಿದು ಹೋದರು.

ಎಲ್ಲಕ್ಕಿಂತ ಕಳಪೆಯಾಗಿ ಕಾಣುತ್ತಿದ್ದದ್ದು ಗುಳೇದಗುಡ್ಡದಿಂದ ಬಂದ ಒಂದು ಯಂತ್ರ. ಅಂಚು ತುಕ್ಕು ಹಿಡಿದಿತ್ತು, ಪರದೆಯ ಮೇಲೆ ಹಸಿರು ಬಿಟ್ಟು ಬೇರೆ ಬಣ್ಣ ಬರುತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಖಣದ ವಿನ್ಯಾಸ ಬಿಡಿಸುವ ಒಂದು ಪ್ರೋಗ್ರಾಮು ಮಾತ್ರ. ಖಣ ಎಂದರೆ ನಮ್ಮ ಕಡೆಯ ಕುಪ್ಪಸದ ಬಟ್ಟೆ. ಅದರ ವಿನ್ಯಾಸವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ಈ ಯಂತ್ರ ಯಾರಿಗೂ ಬೇಡ, ಎಸೆಯಿರಿ ಎಂದು ನಾನೇ ಹೇಳಿದ್ದುಂಟು. "ಯಾರಿಗೂ ಬ್ಯಾಡ ಅನ್ನೂ ಮಾತು ನನ್ನ ಮುಂದ ಆಡಬ್ಯಾಡ" ಎಂದಿದ್ದರು. ಆ ಮಾತು ಯಂತ್ರದ್ದಷ್ಟೇ ಅಲ್ಲವೆಂದು ನನಗೆ ತಿಳಿಯಿತು.

ಆ ಯಂತ್ರಕ್ಕಾಗಿ ಒಂದು ದಿನ ನೀಲವ್ವ ಬಂದಳು. ಗುಳೇದಗುಡ್ಡದ ನೇಕಾರರ ಹೆಂಗಸು, ಮನೆಯಲ್ಲೇ ಮಗ್ಗ. ಸೆರಗಿನ ಗಂಟಿನಿಂದ ಅಂಗೈಗಿಂತ ದೊಡ್ಡದಾದ, ತೆಳ್ಳನೆಯ ಕಪ್ಪು ಚೌಕದ ಹಳೆ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ಗಂಡ ನೇಯುವುದರ ಜೊತೆಗೆ ವಿನ್ಯಾಸವನ್ನೂ ಬಿಡಿಸುತ್ತಿದ್ದ. ಗುಬ್ಬಿಕಾಲು ಎಂಬ ವಿನ್ಯಾಸ ಅವನ ಸ್ವಂತದ್ದು, ಬೇರೆ ಯಾವ ಮನೆಯಲ್ಲೂ ಇಲ್ಲದ್ದು. ಅವನು ಸತ್ತ ಮೇಲೆ ಕಂಪ್ಯೂಟರು ಯಾರದೋ ಪಾಲಾಯಿತು, ಕಾರ್ಡುಗಳು ಇಲಿಯ ಪಾಲಾದವು, ನೇಯ್ದ ಬಟ್ಟೆಯೆಲ್ಲ ಮಾರಿಹೋಗಿತ್ತು. ಉಳಿದದ್ದು ಈ ಫ್ಲಾಪಿ.

"ಈಗ ನಮ್ಮ ಮಗ್ಗದಾಗ ಮಂದಿ ಡಿಜೈನ ನೇಯ್ತೇನ್ರಿ ಅಕ್ಕೋರ. ಇದು ಬಂದ್ರ ನಮ್ಮನಿದು ನೇಯ್ತೇನಿ. ಅವರ ಕೈಯಾಗಿನದು ಅಂತ ಮತ್ತೇನೂ ಉಳದಿಲ್ರಿ."

ಅಕ್ಕೋರು ಫ್ಲಾಪಿ ಕೈಗೆತ್ತಿಕೊಂಡರು. ಅದರ ನಡುವೆ ಒಂದು ಕಿಂಡಿ ಇರುತ್ತದೆ, ಒಳಗಿನ ತಟ್ಟೆ ಅಲ್ಲಿ ಬತ್ತಲೆ ಕಾಣುತ್ತದೆ, ಯಂತ್ರ ಓದುವುದು ಅಲ್ಲಿಂದಲೇ. ಸರಿಯಾಗಿ ಆ ಕಿಂಡಿಯ ಮೇಲೆ ಮೂರು ಬೆರಳಿನ ವಿಭೂತಿ. ಒಂದು ದಿನದ್ದಲ್ಲ. ನೀಲವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಸೋಮವಾರ ಸೋಮವಾರ ಹಚ್ಚುತ್ತಾ ಬಂದಿದ್ದಳು.

ಈಗ ನೀಲವ್ವನಿಗೆ ಪೂಜೆ ಆಯಿತು ಅಂದುಕೊಂಡೆ. ಅಕ್ಕೋರು ಫ್ಲಾಪಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾನಾಗಿದ್ರೂ ಹಚ್ಚತಿದ್ದೆ ಬಿಡು" ಎಂದರು. "ಬರೂ ಭಾನುವಾರ ಬಾ."

ಆ ಭಾನುವಾರ ನಾನೂ ಅಲ್ಲಿದ್ದೆ. ಅಂಟವಾಳದ ಕಾಯಿ ನಮ್ಮ ಮನೆಯಿಂದಲೇ ಹೋಗಿತ್ತು. ಇಳಕಲ್ ಸೀರೆಯ ರೇಷ್ಮೆ ಸೆರಗು ತೊಳೆಯಲು ನಾವು ಅದನ್ನು ಇಟ್ಟುಕೊಂಡಿರುತ್ತೇವೆ. "ರೇಷ್ಮಿ ತಡಕೊಳ್ತೈತಿ ಅಂದ್ರ ಇದೂ ತಡಕೊಳ್ತೈತಿ" ಎಂದು ಅಕ್ಕೋರು ಅದರ ನೀರನ್ನು ಬಟ್ಟೆಯಲ್ಲಿ ಸೋಸಿದರು, ಮತ್ತೆ ಸೋಸಿದರು. ಬ್ಲೇಡಿನಿಂದ ಫ್ಲಾಪಿಯ ಅಂಚು ಕೊಯ್ದು ಒಳಗಿನ ತಟ್ಟೆ ತೆಗೆದರು. ಹೂವಿನ ಎಸಳಿಗಿಂತ ಅದೇನೂ ದಪ್ಪ ಇರಲಿಲ್ಲ. ನೀಲವ್ವ ಗೋಡೆಗೆ ತಿರುಗಿ ನಿಂತಳು. ಅಕ್ಕೋರು ಅದನ್ನು ಅಂಟವಾಳದ ನೀರಿನಲ್ಲಿ ಅದ್ದಿ, ಬೆರಳ ತುದಿಯಿಂದ ಸವರಿ, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಜಾಲಿಸಿ, ಬಿಳಿ ಬಟ್ಟೆಯ ಮೇಲೆ ಹಾಸಿದರು. ಧೂಳು ಕೂರದಂತೆ ಮೇಲೆ ಅನ್ನ ಮುಚ್ಚುವ ಜಾಲರಿ ಕವುಚಿ ಅದರ ಮೇಲೊಂದು ತೆಳು ಬಟ್ಟೆ ಹೊದಿಸಿದರು. ಒಣಗಿದ ಮೇಲೆ ಬೇರೊಂದು ಫ್ಲಾಪಿಯ ಹೊದಿಕೆ ಬಿಚ್ಚಿ ಅದರೊಳಗೆ ಕೂರಿಸಿದರು.

ಮೊದಲ ಸಲ ಯಂತ್ರ ಕರಕರ ಎಂದು, ಓದಲಾಗುವುದಿಲ್ಲ ಎಂದಿತು. ಅಕ್ಕೋರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಫ್ಲಾಪಿ ಹೊರತೆಗೆದರು, ಓದುವ ಮುಳ್ಳನ್ನು ಒರೆಸಿದರು, ಮತ್ತೆ ಹಾಕಿದರು. ಮತ್ತೆ ಅದೇ ಮಾತು. "ನೀ ಹೇಳಿದ್ದು ಕೇಳ್ಸೇತಿ. ಈಗ ನಾ ಹೇಳಿದ್ದು ಕೇಳು" ಎಂದು ಯಂತ್ರಕ್ಕೇ ಹೇಳಿ ಮತ್ತೊಮ್ಮೆ ಒರೆಸಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಎಷ್ಟನೆಯ ಸಲಕ್ಕೋ ಏನೋ, ಕರಕರ ನಿಂತು ಪರದೆಯ ಮೇಲೆ ಹಸಿರು ಚುಕ್ಕಿಗಳು ಮೇಲಿನಿಂದ ಕೆಳಗೆ ತುಂಬುತ್ತಾ ಬಂದವು. ಮೂರು ಬೆರಳು ಮುಂದೆ, ಒಂದು ಬೆರಳು ಹಿಂದೆ. ಗುಬ್ಬಿಯ ಕಾಲು. ಸಾಲು ಸಾಲು ಗುಬ್ಬಿಯ ಕಾಲು.

ನೀಲವ್ವ ಪರದೆಯ ಹತ್ತಿರ ಬಂದು ಒಂದು ಚುಕ್ಕಿಯ ಮೇಲೆ ಬೆರಳಿಟ್ಟಳು. "ಇಲ್ಲೊಂದು ತಪ್ಪೈತ್ರಿ. ಅಂವ ಯಾವಾಗ್ಲೂ ಇಲ್ಲೇ ತಪ್ಪತಿದ್ದ. ತಿದ್ದಬ್ಯಾಡ್ರಿ" ಎಂದಳು. ಅಕ್ಕೋರು ತಿದ್ದಲಿಲ್ಲ. ಹಳೆ ಪ್ರಿಂಟರು ಕಿರಿಚುತ್ತಾ ಉದ್ದನೆಯ ಹಾಳೆಯ ಮೇಲೆ ಅದನ್ನೆಲ್ಲ ಇಳಿಸಿಕೊಟ್ಟಿತು. ಅಂದು ಮೂವರಿಗೂ ಊಟ ನಮ್ಮ ಮನೆಯಲ್ಲೇ.

ಕೆಲವು ತಿಂಗಳ ಮೇಲೆ ನೀಲವ್ವ ಮತ್ತೆ ಬಂದಳು. ಕೈಚೀಲದಲ್ಲಿ ಹೊಸ ಖಣ, ಕಡುಗೆಂಪು ನೆಲದ ಮೇಲೆ ಬಿಳಿಯ ಗುಬ್ಬಿಕಾಲು. ಜೊತೆಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಬೇರು. ಉಡಿ ತುಂಬಲು ಬಂದಿದ್ದಳು. ಮುತ್ತೈದೆಗೆ ಮಾತ್ರ ತುಂಬುವ ಉಡಿ, ಗಂಡ ಸತ್ತವಳಿಗೆ ಯಾರೂ ತುಂಬುವುದಿಲ್ಲ. ತುಂಬಲು ಬಂದವಳೂ ಗಂಡ ಸತ್ತವಳೇ. ನನ್ನನ್ನು ಕೂಗಿ ಕರೆದು ಒಳಗೆ ಬಿಟ್ಟುಕೊಂಡು ನೀಲವ್ವ ಬಾಗಿಲು ಹಾಕಿ ಚಿಲಕ ಏರಿಸಿದಳು.

"ಬಾಗಲಾ ಯಾಕ ಹಾಕಿದಿ?" ಎಂದರು ಅಕ್ಕೋರು.

"ಮಂದಿ ನೋಡ್ತಾರ್ರಿ."

"ನೋಡ್ಲಿ."

"ನಾಕ ಮಂದಿ ನಾಕ ಮಾತಾಡ್ತಾರ್ರಿ ಅಕ್ಕೋರ. ಇಲ್ಲೆ ತುಂಬತೇನಿ, ಯಾರಿಗೂ ಗೊತ್ತಾಗೂದಿಲ್ಲ."

ಅಕ್ಕೋರ ಮುಖ ಗಟ್ಟಿಯಾಯಿತು. "ನೀಲವ್ವಾ, ಕದ್ದು ತುಂಬಿಸ್ಕೊಳ್ಳಾಕ ನಾ ಏನು ಕಳುವು ಮಾಡೇನೇನು? ತುಂಬೂದಿದ್ರ ಬಾಗಲಾ ತಗದು ಹತ್ತು ಮಂದಿ ಮುಂದ ತುಂಬು. ಇಲ್ಲಂದ್ರ ಬ್ಯಾಡ. ನನಗ ನಿನ್ನ ಮ್ಯಾಲ ಸಿಟ್ಟಿಲ್ಲ."

ನೀಲವ್ವ ಚಿಲಕದ ಕಡೆ ನೋಡಿದಳು. ಕೈ ಎತ್ತಲಾಗಲಿಲ್ಲ. ಅತ್ತಳು. ನನಗೂ ಅಳು ಬಂತು, ಎದ್ದು ಚಿಲಕ ತೆಗೆಯಬೇಕೆಂದೂ ಅನ್ನಿಸಿತು. ಅಕ್ಕೋರು ನನ್ನನ್ನು ಕಣ್ಣಿನಲ್ಲೇ ತಡೆದರು. ಅದನ್ನು ತೆಗೆಯಬೇಕಾದವಳು ನೀಲವ್ವ ಎಂಬುದು ಅವರ ಹಟ. ಆಮೇಲೆ ತಾವೇ ಖಣ ಎತ್ತಿಕೊಂಡು ಬೆಳಕಿಗೆ ಹಿಡಿದು, "ಬಟ್ಟಿ ಮಾತ್ರ ಭಾಳ ಚಂದ ನೇಯ್ದಿ. ಇದು ಇಲ್ಲೇ ಇರ್ಲಿ" ಎಂದು ನನ್ನ ಕೈಗೆ ಕೊಟ್ಟರು. "ಇದರದೊಂದು ಕವರ್ ಹೊಲಿ. ಆ ಹಸರು ಪರದೇಕ."

ಖಣ ಸಣ್ಣದು, ಪರದೆಗೆ ಸಾಲದು. ಎರಡೂ ಬದಿಗೆ ನನ್ನದೊಂದು ಹಳೆ ಇಳಕಲ್ ಸೀರೆಯ ತುಂಡು ಸೇರಿಸಿ ಹೊಲಿದುಕೊಟ್ಟೆ. ಅಂದಿನಿಂದ ಆ ತುಕ್ಕು ಹಿಡಿದ ಯಂತ್ರ ಖಣ ಹೊದ್ದು ಕುಳಿತಿತು. ಮನೆಗೆ ಬಂದ ಹೆಂಗಸರು ಖಣ ಮುಟ್ಟಿ ನೋಡಿ, ಇಷ್ಟು ಒಳ್ಳೆಯ ಬಟ್ಟೆಯನ್ನು ಇದಕ್ಕೆ ಹಾಕಿದ್ದೀರಲ್ಲ ಎಂದರೆ ಅಕ್ಕೋರು, "ಇದಕ್ಕ ಯಾರೂ ಹಿಂದ ನಿಂದ್ರು ಅನ್ನೂದಿಲ್ಲ ನೋಡ್ರಿ" ಎನ್ನುತ್ತಿದ್ದರು.

ಅವರು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಗೋಡೆಯ ಆಚೆ ಫ್ಯಾನುಗಳ ಸದ್ದು ಕೇಳಿಸಲಿಲ್ಲವೆಂದು ನಾನು ಹೋಗಿ ನೋಡಿದೆ. ಹಾಸಿಗೆಯಲ್ಲೇ ಇದ್ದರು. ಡಾಕ್ಟರು ಬಂದು ಎದೆಯದು ಎಂದರು. ಹುನಗುಂದಕ್ಕೂ ನೀಲವ್ವನಿಗೂ ಫೋನು ಮಾಡಿದೆ. ಹುನಗುಂದದಿಂದ ಅವರ ಗಂಡನ ಅಣ್ಣ ಬಂದರು, ನೆಂಟರು ಬಂದರು, ಓಣಿ ತುಂಬಿತು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅಕ್ಕೋರನ್ನು ಕೂರಿಸಿ, ಬಿಳಿ ಸೀರೆ ಹೊದಿಸಿ, ಹಣೆ ತುಂಬ ವಿಭೂತಿ ಹಚ್ಚಿದರು. ಸ್ಕ್ರೂಡ್ರೈವರನ್ನು ಯಾರೋ ತುರುಬಿನಿಂದ ತೆಗೆದು ಕಿಟಕಿಯಲ್ಲಿಟ್ಟಿದ್ದರು. ನಾನು ಅದನ್ನು ಮತ್ತೆ ಸಿಗಿಸಿದೆ. ಗಂಡನ ಅಣ್ಣನಾದ ಆ ಹಿರಿಯರು ನನ್ನನ್ನು ನೋಡಿದರು, ನಾನೂ ಅವರನ್ನು ನೋಡಿದೆ.

ಎತ್ತುವ ಹೊತ್ತಿಗೆ ನೀಲವ್ವ ಬಂದಳು. ಬಸ್ ಸ್ಟ್ಯಾಂಡಿನಿಂದ ಓಡಿ ಬಂದವಳಂತೆ ಉಸಿರು ಬಿಡುತ್ತಿದ್ದಳು. ಅಕ್ಕೋರ ಮುಂದೆ ಒಂದು ಗಳಿಗೆ ನಿಂತಳು, ಆಮೇಲೆ ಸೀದಾ ಮನೆಯೊಳಗೆ ಹೋಗಿ ಹಸಿರು ಪರದೆಯ ಮೇಲಿನ ಹೊದಿಕೆ ತೆಗೆದುಕೊಂಡು ಹೊರಗೆ ಬಂದಳು. ನನ್ನ ಕೈಗೆ ಕೊಟ್ಟಳು.

"ಹೊಲಿಗಿ ಬಿಚ್ಚಿ ಕೊಡ್ರಿ ಅಕ್ಕಾ. ಉಡಿ ತುಂಬೋದೈತಿ."

ಹಿರಿಯರು ಮುಂದೆ ಬಂದರು. "ಏನಿದು? ಗಂಡ ಇಲ್ಲದಾಕಿಗೆ ಎಂಥಾ ಉಡಿ? ತುಂಬಾಕ ನೀ ಯಾರವಾ?"

ನೀಲವ್ವ ಹಿಂದೆ ಸರಿಯಲಿಲ್ಲ. "ನಾನೂ ಗಂಡ ಇಲ್ಲದಾಕಿನ ರೀ. ಈ ಗುಬ್ಬಿಕಾಲು ನನ್ನ ಗಂಡಂದು. ಸತ್ತದ್ದನ್ನ ಎಬ್ಬಿಸಿ ಕೊಟ್ಟಾಕಿ ಈಕಿ. ನೇಯ್ದಾಕಿ ನಾನು. ಇದರಾಗ ನಿಮ್ಮದೇನೈತ್ರಿ?"

ಹಿರಿಯರು ಸುತ್ತ ನೋಡಿದರು, ಯಾರಾದರೂ ತಮ್ಮ ಪರವಾಗಿ ಮಾತಾಡಬಹುದೆಂದು. ಟೆಂಪೊದ ಚಾಲಕ ಕೈ ಕಟ್ಟಿ ನಿಂತಿದ್ದ. ಭಂಡಾರದ ಅಜ್ಜನ ಮೊಮ್ಮಗ ಇದ್ದ. ಗಂಡು ಹೆಣ್ಣು ಅನ್ನದೆ ಅಲ್ಲಿದ್ದ ಅರ್ಧ ಮಂದಿ ಅಕ್ಕೋರ ಕೈಯಲ್ಲಿ ಕಲಿತವರು. ನಾನು ಕಟ್ಟೆಯ ಮೇಲೆ ಅಕ್ಕೋರ ಪಕ್ಕದಲ್ಲೇ ಕುಳಿತು, ಅವರ ತುರುಬಿನ ಸ್ಕ್ರೂಡ್ರೈವರು ತೆಗೆದು ಅದರ ತುದಿಯಿಂದ ನಾನು ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಎಬ್ಬಿಸಿದೆ. ಗಟ್ಟಿಯಾಗಿ ಹೊಲಿದಿದ್ದೆ, ಹೊತ್ತು ಹಿಡಿಯಿತು. ಎಲ್ಲರೂ ಕಾದರು, ಹಿರಿಯರೂ ಕಾದರು. ಖಣ ಬಿಡಿಯಾದ ಮೇಲೆ ಸ್ಕ್ರೂಡ್ರೈವರನ್ನು ಅದರ ಜಾಗಕ್ಕೆ ಸಿಗಿಸಿ, ನನ್ನ ಮನೆಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣಬೇರು ತಂದೆ.

ಖಣದ ಅಂಚಿನಲ್ಲಿ ಸೂಜಿಯ ತೂತುಗಳು ಹಾಗೇ ಕಾಣುತ್ತಿದ್ದವು. ನೀಲವ್ವ ಅವನ್ನು ಒಳಗೆ ಮಡಿಸಲಿಲ್ಲ. ಬಿಳಿ ಸೀರೆಯ ಸೆರಗನ್ನು ಅಕ್ಕೋರ ಮಡಿಲಲ್ಲಿ ಹರಡಿ ಖಣ ಇಟ್ಟು, ಬೊಗಸೆಯಲ್ಲಿ ಅಕ್ಕಿ ತುಂಬಿ ತುಂಬಿ ಸುರಿದಳು. ಹತ್ತು ಮಂದಿ ಮುಂದೆ ಎಂದಿದ್ದರು ಅಕ್ಕೋರು. ಇಡೀ ಓಣಿ ನಿಂತಿತ್ತು. ಬಾಗಿಲು ತೆರೆದೇ ಇತ್ತು.